ಗಂಟೆ ಹೊಡೆದಾಗ ಓಡುವ ಹುಡುಗನಿಗೆ ಏನು ಮಾಡಬೇಕು?

ರಾಯಚೂರು ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೆಯ ತರಗತಿಗೆ ಪಾಠ ಮಾಡುತ್ತಿದ್ದಾಗ, ಊಟದ ಗಂಟೆ ಹೊಡೆದ ಕೂಡಲೇ ಕಿವಿ ಮುಚ್ಚಿಕೊಂಡು ಓಡುತ್ತಿದ್ದ ಹುಡುಗನೊಬ್ಬನನ್ನು ನಾನು ಮೂರು ವಾರ ಬಾಗಿಲ ಬಳಿ ನಿಲ್ಲಿಸಿದ್ದೆ. ಗಂಟೆಯನ್ನು ತೂಗುಹಾಕಿದ್ದುದು ಆ ಬಾಗಿಲ ಪಕ್ಕದಲ್ಲಿಯೇ. ಅವನನ್ನು ಓಡಿಸುತ್ತಿದ್ದುದು ಆ ಸದ್ದು ಎಂಬುದು ಹೊಳೆಯುವಷ್ಟರಲ್ಲಿ, ಶಿಕ್ಷೆಯ ಹೆಸರಿನಲ್ಲಿ ಅವನನ್ನು ಸದ್ದಿನ ಬುಡಕ್ಕೇ ತಂದು ನಿಲ್ಲಿಸಿ ನಾನು ಸಾಕಷ್ಟು ಕೆಡಿಸಿಬಿಟ್ಟಿದ್ದೆ. ಆಟಿಸಂ, ಎ.ಡಿ.ಎಚ್.ಡಿ. (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ಸ್ಥಿತಿ), ಕಲಿಕಾ ನ್ಯೂನತೆ ಇರುವ ಮಕ್ಕಳನ್ನೂ, ಮನೆಯ ಹೊಡೆದಾಟ, ಸಾವು, ದೌರ್ಜನ್ಯಗಳಿಂದ ನೊಂದ ಮಕ್ಕಳನ್ನೂ ಬೆತ್ತ, ಬಸ್ಕಿ, ಬೈಗುಳಗಳಿಲ್ಲದೆ ತರಗತಿಯಲ್ಲಿ ಉಳಿಸಿಕೊಳ್ಳುವ ಕ್ರಮವನ್ನು ಆ ತಪ್ಪಿನಿಂದ ಮೊದಲುಗೊಂಡು ಕಲಿತೆನಾದ್ದರಿಂದ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ನೂರು ಪುಟದ ನೋಟುಬುಕ್ ಇಟ್ಟುಕೊಳ್ಳಿ. ಮಗು ಗಲಾಟೆ ಮಾಡಿದ ದಿನ ಮೂರೇ ಸಂಗತಿ ಬರೆಯಿರಿ: ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು. ‘ಹಟ ಮಾಡಿದ’, ‘ಉಡಾಫೆ ತೋರಿಸಿದಳು’ ಎಂಬ ತೀರ್ಪುಗಳು ಅಲ್ಲಿ ಬೇಡ. ‘ಬೋರ್ಡಿನಿಂದ ಎಂಟು ಸಾಲು ನಕಲು ಮಾಡಲು ಹೇಳಿದೆ, ಪುಸ್ತಕ ಹರಿದಳು’ ಎಂದಿದ್ದರೆ ಸಾಕು. ಎರಡು ಮೂರು ವಾರದ ಬರಹವನ್ನು ಒಟ್ಟಿಗೆ ಓದಿದಾಗ, ಪುಸ್ತಕ ಹರಿಯುವುದು ಯಾವಾಗಲೂ ಬರೆಯುವ ಕೆಲಸದ ಮೇಲೆಯೇ ಬರುತ್ತದೆ, ಗಣಿತದ ಬಾಯಿಲೆಕ್ಕದಲ್ಲಿ ಬರುವುದಿಲ್ಲ ಎಂಬಂಥ ಸುಳಿವು ಸಿಗುತ್ತದೆ. ಆ ಸುಳಿವು ಸಿಗುವ ಮುನ್ನ ಕೊಟ್ಟ ಯಾವ ಶಿಕ್ಷೆಯೂ ಕತ್ತಲಲ್ಲಿ ಎಸೆದ ಕಲ್ಲು.

ಸುಳಿವು ಸಿಕ್ಕ ಮೇಲೆ ಮಗುವಿಗಿಂತ ಮೊದಲು ತರಗತಿಯನ್ನು ಬದಲಿಸಬೇಕು. ಗಂಟೆಗೆ ಐದು ನಿಮಿಷ ಮುಂಚೆ ‘ಈಗ ಗಂಟೆ ಹೊಡೆಯುತ್ತದೆ’ ಎಂದು ಹತ್ತಿರ ಹೋಗಿ ಹೇಳಿ. ಅಂದಿನ ಪಾಠಗಳ ಕ್ರಮವನ್ನು ಗೋಡೆಯ ಮೇಲೆ ಬರೆದಿಡಿ. ಬದಲಾವಣೆಯಿದ್ದರೆ ಬೆಳಿಗ್ಗೆಯೇ ತಿಳಿಸಿ. ಕುಳಿತಲ್ಲಿ ಕೂರಲಾಗದ ಮಗುವಿಗೆ ಸೀಮೆಸುಣ್ಣ ತರುವ, ಪುಸ್ತಕ ಹಂಚುವ ಕೆಲಸವನ್ನು ಪಾಠದ ನಡುವೆಯೇ ಕೊಡಿ, ಏಕೆಂದರೆ ಅದರ ಮೈಗೆ ಚಲನೆ ಬೇಕು. ಓದಲು ತೊಡಕುವ ಮಗುವನ್ನು ಎಲ್ಲರೆದುರು ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ. ಉತ್ತರವನ್ನು ಬಾಯಿಂದ ಕೇಳಿಸಿಕೊಳ್ಳಿ. ತಗಡಿನ ಛಾವಣಿಯ ಕೋಣೆ, ಬೇಸಿಗೆಯ ಸೆಕೆ, ಬಿಸಿಯೂಟದ ತಟ್ಟೆಗಳ ಸದ್ದು, ಅಲಾಯಿ (ಮೊಹರಂ) ಹಬ್ಬದ ದಿನಗಳಲ್ಲಿ ಓಣಿಯಿಂದ ಬರುವ ಹಲಗೆ ವಾದ್ಯದ ಸದ್ದು ನಮಗೆ ರೂಢಿಯಾಗಿರಬಹುದು, ಕೆಲವು ಮಕ್ಕಳಿಗೆ ಅವು ಮೈಮೇಲೆ ಬಿದ್ದಂತಾಗುತ್ತವೆ. ಅಂಥವರಿಗಾಗಿ ಗ್ರಂಥಾಲಯದ ಮೂಲೆಯನ್ನೋ, ಕಣ್ಣಿಗೆ ಕಾಣುವಷ್ಟು ದೂರದ ಬೇವಿನ ನೆರಳನ್ನೋ ಗೊತ್ತುಮಾಡಿ. ಅದು ಶಿಕ್ಷೆಯ ಜಾಗವಾಗಬಾರದು. ಮಗು ತಾನೇ ಕೈಸನ್ನೆ ಮಾಡಿ ಹೋಗಿ, ತಾನೇ ಮರಳಿ ಬರುವ ಜಾಗವಾಗಿರಬೇಕು.

ಇಷ್ಟಾದರೂ ಕೆರಳುವ ದಿನ ಬಂದೇ ಬರುತ್ತದೆ. ಭಯ ಮೈಗೇರಿದಾಗ ಮಗು ಕಾದಾಡುತ್ತದೆ, ಓಡುತ್ತದೆ, ಇಲ್ಲವೇ ಕಲ್ಲಿನಂತೆ ಕುಳಿತುಬಿಡುತ್ತದೆ. ಆ ಹೊತ್ತಿನಲ್ಲಿ ಅದರ ಮಿದುಳು ಯೋಚಿಸುವ, ಮಾತು ಹೊಂದಿಸುವ ಸ್ಥಿತಿಯಲ್ಲಿ ಇರುವುದಿಲ್ಲವಾದ್ದರಿಂದ ‘ಯಾಕೆ ಮಾಡಿದಿ, ಹೇಳು’ ಎಂದು ಗದರುವುದು ವ್ಯರ್ಥ. ಉಳಿದ ಮಕ್ಕಳನ್ನು ಅಲ್ಲಿಂದ ಸರಿಸಿ, ನೀವು ಪಕ್ಕಕ್ಕೆ ಸ್ವಲ್ಪ ದೂರ ನಿಂತು, ಧ್ವನಿ ತಗ್ಗಿಸಿ, ‘ನಾನು ಇಲ್ಲೇ ಇದ್ದೇನೆ’ ಎಂಬಷ್ಟು ಚಿಕ್ಕ ಮಾತು ಆಡಿ. ದಿಟ್ಟಿಸಿ ನೋಡಬೇಡಿ. ಯಾರಿಗಾದರೂ ಪೆಟ್ಟಾಗುವ ಅಪಾಯ ಇಲ್ಲದಿದ್ದರೆ ಕೈ ಹಿಡಿದೆಳೆಯಬೇಡಿ. ಮನೆಯಲ್ಲಿ ಹೊಡೆತ ತಿಂದ ಮಗುವಿಗೆ ಮೇಲೆತ್ತಿದ ಕೈ ಯಾವಾಗಲೂ ಹೊಡೆಯುವ ಕೈಯೇ.

ಶಾಂತವಾದ ಮೇಲೆ, ಸಾಧಾರಣವಾಗಿ ಊಟವಾದ ನಂತರ, ಮಾತಾಡಿ. ನಿಯಮ ಬಿಟ್ಟುಕೊಡುವ ಮಾತು ಇದಲ್ಲ. ‘ಬೆತ್ತ ಬಿಟ್ಟರೆ ಸಲಿಗೆ ಕೊಟ್ಟಂತೆ’ ಎಂದು ಶಿಕ್ಷಕರ ಕೊಠಡಿಯಲ್ಲಿ ನನಗೆ ಹೇಳಿದವರಿಗೆ ನಾನು ಕೊಟ್ಟ ಉತ್ತರವೂ ಇದೇ. ಚೆಲ್ಲಿದ್ದನ್ನು ಒರೆಸುವುದು, ಹರಿದ ಪುಸ್ತಕಕ್ಕೆ ಅಂಟು ಹಚ್ಚುವುದು, ಪೆಟ್ಟು ತಿಂದ ಗೆಳೆಯನಿಗೆ ಏನು ಮಾಡಿದರೆ ಸರಿಹೋದೀತೆಂದು ಕೇಳುವುದು ಮಗುವಿನ ಹೊಣೆ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರೆದುರು ಕ್ಷಮೆ ಕೇಳಿಸುವುದು ಮಾತ್ರ ಆ ಹೊಣೆಯ ಭಾಗವಲ್ಲ.

ನಮ್ಮ ಕಡೆ ಇನ್ನೊಂದು ವಿಷಯವಿದೆ. ಅಪ್ಪ ಅಮ್ಮ ಗುಳೆ ಹೋಗಿ ಅಜ್ಜಿಯ ಬಳಿ ಉಳಿದ ಮಗು, ಅಥವಾ ಅವರೊಡನೆ ಬೆಂಗಳೂರಿನ ಕಟ್ಟಡದ ಕೆಲಸದ ಜಾಗದಲ್ಲಿ ತಿಂಗಳುಗಟ್ಟಲೆ ಇದ್ದು ಮರಳಿದ ಮಗು ಪಾಠವನ್ನಷ್ಟೇ ಕಳೆದುಕೊಂಡಿರುವುದಿಲ್ಲ. ಮೊದಲ ವಾರ ‘ಎಲ್ಲಿ ಹೋಗಿದ್ದಿ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಹಳೆಯ ಜಾಗ, ಹಳೆಯ ಜೊತೆಗಾರರನ್ನು ಕೊಟ್ಟರೆ ಅರ್ಧ ಕೆಲಸ ಆದಂತೆ. ಪಾಲಕರನ್ನು ದೂರು ಹೇಳಲೆಂದೇ ಕರೆಸಿದರೆ ಆ ಸಂಜೆ ಮನೆಯಲ್ಲಿ ಮಗುವಿಗೆ ಏಟು ಬೀಳುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲಿ ‘ಮನೆಯಲ್ಲಿ ಇವನು ಯಾವಾಗ ಸಮಾಧಾನವಾಗಿರುತ್ತಾನವ್ವ?’ ಎಂದು ತಾಯಿಯನ್ನು ಕೇಳಿ. ಲೈಂಗಿಕ ದೌರ್ಜನ್ಯದ ಸೂಚನೆ ಕಂಡರೆ ನೀವೇ ವಿಚಾರಣೆಗೆ ಇಳಿಯಬಾರದು. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮಕ್ಕಳ ಸಹಾಯವಾಣಿ 1098 ಇದೆ.

ಕಾನೂನಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 16ನೆಯ ಕಲಮಿನಂತೆ ಎಂಟನೆಯ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲವಾದ್ದರಿಂದ, ‘ಟಿ.ಸಿ. ಕೊಟ್ಟು ಕಳಿಸುತ್ತೇನೆ’ ಎಂಬ ಬೆದರಿಕೆಗೆ ಬೆಲೆಯಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 21 ನ್ಯೂನತೆಗಳಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿವೆ. ನಾವು ಮಗುವಿಗೆ ರೋಗದ ಹೆಸರು ಹಚ್ಚಬಾರದು, ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿ.ಐ.ಇ.ಆರ್.ಟಿ. ಶಿಕ್ಷಕರಿಗೆ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರಿಗೆ, ನೋಟುಬುಕ್ ತೋರಿಸಿ, ಅವರ ಮೂಲಕ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಅಥವಾ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳಿಸಬೇಕು. ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಬೇಕಾದರೆ ನ್ಯೂನತೆಯ ಪ್ರಮಾಣಪತ್ರದ ಓಡಾಟವನ್ನು ಎಂಟನೆಯ ತರಗತಿಯಲ್ಲಿಯೇ ಶುರುಮಾಡುವುದು ಒಳ್ಳೆಯದು. ಪಾಲಕರಿಗೂ, ದಣಿದ ಶಿಕ್ಷಕರಿಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಉಚಿತವಾಗಿ ಆಪ್ತ ಸಮಾಲೋಚಕರು ಸಿಗುತ್ತಾರೆ.

ಜೂನ್‌ನಲ್ಲಿ ಮಗು ಮುಂದಿನ ತರಗತಿಗೆ ಹೋಗುವಾಗ ಆ ನೋಟುಬುಕ್ಕಿನಿಂದ ಒಂದೇ ಪುಟ ಬರೆದು ಹೊಸ ಶಿಕ್ಷಕರ ಕೈಗೆ ಕೊಡಿ. ಹಳೆಯ ದೂರುಗಳನ್ನೆಲ್ಲ ಬಿಟ್ಟು, ‘ಗಂಟೆಗೆ ಮುಂಚೆ ಹೇಳಿದರೆ ಓಡುವುದಿಲ್ಲ, ಕಿಟಕಿಯ ಪಕ್ಕ ಕೂರಿಸಿ, ಲೆಕ್ಕ ಬಾಯಲ್ಲಿ ಚೆನ್ನಾಗಿ ಮಾಡುತ್ತಾನೆ’ ಎಂಬಷ್ಟು ಬರೆದರೆ ಸಾಕು.