ಉರಿಯೂತದ ಹೆಪಟೊಸೈಟ್‌ಗಳಲ್ಲಿ ಯೂರಿಯಾ ಅಳೆದದ್ದು: ನನ್ನ ಅನುಭವ

ಉರಿಯೂತ ತಾಗಿದರೆ ಯಕೃತ್ತಿನ ಕೋಶ ಅಮೋನಿಯಾದಿಂದ ಯೂರಿಯಾ ಮಾಡುವುದು ತಗ್ಗುತ್ತದೆ ಎಂದಾಗ, "ಅದು ಸತ್ತ ಕೋಶಗಳ ಲೆಕ್ಕ" ಎಂದವರೇ ಹೆಚ್ಚು. ಈಗ ಇಲಿಯ ಯಕೃತ್ತಿನಿಂದ ನೇರವಾಗಿ ತೆಗೆದ (ಪ್ರೈಮರಿ) ಕೋಶಗಳಲ್ಲಿ ಇಳಿಕೆ ಪ್ರತಿ ಸಲವೂ ಸಿಗುತ್ತಿದೆ. ತೊಡಕೆಲ್ಲ ಅಳೆಯುವ ಬಗೆಯಲ್ಲಿತ್ತು.

ಅಗ್ಗವೆಂದು ಯಕೃತ್ತಿನ ಕ್ಯಾನ್ಸರ್‌ನ ಕೋಶಸಾಲು ಹೆಪ್‌ಜಿ2 ಹಿಡಿಯಬೇಡಿ. ಅದರಲ್ಲಿ ಯೂರಿಯಾ ಚಕ್ರಕ್ಕೆ ಬೇಕಾದ ಕಿಣ್ವ ಆರ್ನಿಥಿನ್ ಟ್ರಾನ್ಸ್‌ಕಾರ್ಬಮೈಲೇಸ್ ಇಲ್ಲದಂತೆಯೇ. ಕಾಣುವ ಯೂರಿಯಾ ಮೀಡಿಯಮ್‌ನ ಅರ್ಜಿನಿನ್ ಎಂಬ ಅಮೈನೊ ಆಮ್ಲ ಒಡೆದು ಬಂದದ್ದು. ಎರಡು ತಿಂಗಳ ಪ್ಲೇಟು, ಸೀರಮ್ ಎಲ್ಲ ಹಾಗೇ ಹೋಯಿತು.

ಖರ್ಚು ಹೆಚ್ಚು ಯಕೃತ್ತಿನಿಂದ ಕೋಶ ಬಿಡಿಸುವ ಕಿಣ್ವ ಕೊಲಾಜಿನೇಸ್‌ಗೆ. ನಾವು ಕೊಂಡಾಗ ಗ್ರಾಂಗೆ 30 ಸಾವಿರ ರೂಪಾಯಿಯ ಆಸುಪಾಸು ಇತ್ತು, ಮಿಲಿಗೆ 0.5 ಮಿಗ್ರಾಂನಂತೆ 100 ಮಿಲಿ ಹರಿಸಿದರೆ ಇಲಿಯೊಂದಕ್ಕೆ ಸುಮಾರು ಒಂದೂವರೆ ಸಾವಿರ. ಲಾಟ್ (ತಯಾರಿಕೆಯ ಕಂತು) ಕೆಟ್ಟದ್ದಾದರೆ ಅಷ್ಟೂ ನೀರುಪಾಲು. ಬಿಡಿಸಿದ ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ 50 ಜಿಯಲ್ಲಿ ಮೂರು ನಿಮಿಷ ತಿರುಗಿಸಿ, ಸತ್ತ ಕೋಶಕ್ಕೆ ಬಣ್ಣ ಹಿಡಿಸುವ ಟ್ರಿಪಾನ್ ಬ್ಲೂನಲ್ಲಿ ಶೇ 85ಕ್ಕಿಂತ ಕಡಿಮೆ ಬದುಕಿದ್ದರೆ ಆ ದಿನದ ಕೆಲಸ ಬಿಟ್ಟುಬಿಡಿ.

ಉರಿಯೂತ ಎಬ್ಬಿಸಲು ಹಾಕಿದ ಸೈಟೊಕೈನ್‌ಗಳು (ಉರಿಯೂತದ ಸಂಕೇತ ಪ್ರೋಟೀನ್‌ಗಳು): ಐಎಲ್-1ಬೀಟಾ, ಐಎಲ್-6 ತಲಾ 10 ನ್ಯಾನೊಗ್ರಾಂ/ಮಿಲಿ, 24 ಗಂಟೆ. ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಡೆಕ್ಸಾಮೆಥಸೋನ್ 1 ಮೈಕ್ರೊಮೋಲಾರ್ ಇಟ್ಟಾಗ ಐಎಲ್-1ಬೀಟಾದ ಪರಿಣಾಮ ಮುಚ್ಚಿಹೋಯಿತು. ಪೂರ್ತಿ ತೆಗೆದಾಗ ಕೋಶವೇ ಸೊರಗಿತು. 50 ನ್ಯಾನೊಮೋಲಾರ್ ಆಸುಪಾಸು ಸರಿಹೋಯಿತು.

ಅಳತೆಗೆ ಮೊದಲು ಎರಡು ಸಲ ತೊಳೆದು, ಅರ್ಜಿನಿನ್ ಮತ್ತು ಫೀನಾಲ್ ರೆಡ್ (ಬಣ್ಣದ ಸೂಚಕ) ಎರಡೂ ಇಲ್ಲದ ಬೈಕಾರ್ಬೊನೇಟ್ ಬಫರ್ ಹಾಕಿ. ಅದರಲ್ಲಿ ಅಮೋನಿಯಮ್ ಕ್ಲೋರೈಡ್ 2, ಆರ್ನಿಥಿನ್ 1, ಲ್ಯಾಕ್ಟೇಟ್ 10 ಮಿಲಿಮೋಲಾರ್. ಮೂರು ಗಂಟೆ ಸಾಕು. ಅರ್ಜಿನಿನ್ ಉಳಿದರೆ ಆರ್ಜಿನೇಸ್ ಕಿಣ್ವ ಅದರಿಂದಲೇ ಯೂರಿಯಾ ಮಾಡಿ ಇಳಿಕೆಯನ್ನು ಮುಚ್ಚುತ್ತದೆ. ಯೂರಿಯಾ ಒಡೆಯುವ ಕಿಣ್ವ ಯೂರಿಯೇಸ್ ಹಾಕಿ ಅಮೋನಿಯಾ ಅಳೆಯುವ ವಿಧಾನ ಇಲ್ಲಿ ನಡೆಯದು, ನಾವೇ ಸುರಿದ ಅಮೋನಿಯಾ ಅದನ್ನು ಮುಳುಗಿಸುತ್ತದೆ. ಹಾಗಾಗಿ ಯೂರಿಯಾಕ್ಕೆ ನೇರವಾಗಿ ಬಣ್ಣ ಕೊಡುವ ಡೈಅಸಿಟೈಲ್ ಮಾನಾಕ್ಸಿಮ್ ಬಳಸಿದೆವು. ಬಣ್ಣ ಬೆಳಕಿಗೆ ಮಾಸುವುದರಿಂದ ಕುದಿಸಿದ ಮೇಲೆ ತಡಮಾಡದೆ 520 ನ್ಯಾನೊಮೀಟರ್‌ನಲ್ಲಿ ಓದಿ.

ಅಲ್ಲೇ ಇನ್ನೊಂದು ಬಲೆ ಇದೆ, ನಮ್ಮನ್ನು ತಿಂಗಳುಗಟ್ಟಲೆ ಸತಾಯಿಸಿದ್ದು ಅದೇ. ಮಾನಾಕ್ಸಿಮ್ ಯೂರಿಯಾ ಚಕ್ರದ ನಡುವಿನ ಅಮೈನೊ ಆಮ್ಲ ಸಿಟ್ರುಲಿನ್‌ಗೂ ಬಣ್ಣ ಕೊಡುತ್ತದೆ. ಸೈಟೊಕೈನ್ ಕಂಡ ಕೋಶದಲ್ಲಿ ಐನಾಸ್ ಎಂಬ ಕಿಣ್ವ ಎದ್ದು ಕೋಶದೊಳಗಿನ ಅರ್ಜಿನಿನ್‌ನಿಂದ ನೈಟ್ರಿಕ್ ಆಕ್ಸೈಡ್ ಮತ್ತು ಸಿಟ್ರುಲಿನ್ ಮಾಡುತ್ತದೆ. ಆರ್ನಿಥಿನ್‌ನಿಂದಾದ ಸಿಟ್ರುಲಿನ್ ಮುಂದಿನ ಹಂತದಲ್ಲಿ ತಡೆದು ಹೊರಗೆ ಸೋರುವುದೂ ಉಂಟು. ಯೂರಿಯಾ ಇಳಿದ ವೆಲ್‌ಗಳಲ್ಲೇ ಸಿಟ್ರುಲಿನ್ ಏರಿ, ಬಣ್ಣ ಕಂಟ್ರೋಲ್‌ನಷ್ಟೇ ನಿಲ್ಲುತ್ತಿತ್ತು. ಪರಿಹಾರ ಸರಳ: ಪ್ರತಿ ಸ್ಯಾಂಪಲ್ ಎರಡು ಪಾಲು ಮಾಡಿ, ಒಂದಕ್ಕೆ 37 ಡಿಗ್ರಿಯಲ್ಲಿ ಅರ್ಧ ಗಂಟೆ ಯೂರಿಯೇಸ್, ಇನ್ನೊಂದಕ್ಕೆ ಬರಿ ಬಫರ್. ಎರಡಕ್ಕೂ ಮಾನಾಕ್ಸಿಮ್. ವ್ಯತ್ಯಾಸವೇ ನಿಜವಾದ ಯೂರಿಯಾ. ಈ ಕಳೆಯುವಿಕೆ ನಾವೇ ಹೊಂದಿಸಿಕೊಂಡದ್ದು, ಖರ್ಚು ಬಹಳ ಕಡಿಮೆ. ಯೂರಿಯೇಸ್ ಪೂರ್ತಿ ತಿಂದಿದೆಯೇ ಎಂದು ತಿಳಿಯಲು ಗೊತ್ತಿರುವ ಯೂರಿಯಾದ ಒಂದು ನಳಿಕೆ ಜೊತೆಗಿಡಿ.

ಗ್ರೀಸ್ ಪರೀಕ್ಷೆಯಲ್ಲಿ ನೈಟ್ರಿಕ್ ಆಕ್ಸೈಡ್‌ನಿಂದಾಗುವ ನೈಟ್ರೈಟ್ ನೋಡಿದರೆ ಐನಾಸ್ ಎದ್ದದ್ದೂ ಗೊತ್ತಾಗುತ್ತದೆ. ಸಾವಿನ ಪ್ರಶ್ನೆಗೆ ಉತ್ತರ ಎಲ್‌ಡಿಎಚ್ (ಸತ್ತ ಕೋಶದಿಂದ ಹೊರಬರುವ ಕಿಣ್ವ) ಸೋರಿಕೆ. ಯಕೃತ್ತು ಮಾಡುವ ಪ್ರೋಟೀನ್ ಅಲ್ಬುಮಿನ್ ತೋರಿಸಿ ವಾದಿಸಬೇಡಿ, ಉರಿಯೂತದಲ್ಲಿ ಬದುಕಿರುವ ಕೋಶವೂ ಅದನ್ನು ಕಡಿಮೆ ಮಾಡುತ್ತದೆ.