ಮನೆ ಕಟ್ಟಿದ ಸಾಮಾನೇ ಕಳಪೆ ಆಗಿದ್ದರೆ ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು?

ಗೃಹಪ್ರವೇಶ ಆಗಿ ವರ್ಷ ತುಂಬಿಲ್ಲ, ಆಗಲೇ ಗೋಡೆ ಬಿರುಕು ಬಿಟ್ಟಿದೆ, ಗಾರೆಯನ್ನು ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಇಂಥವರು ಮೊದಲು ಕೇಳುವುದು, ಸರ್ಕಾರದಿಂದ ಏನಾದರೂ ದುಡ್ಡು ಬರುತ್ತಾ ಅಂತ. ಬರುವುದಿಲ್ಲ. ಐರ್ಲೆಂಡ್‌ನ ಡೊನೆಗಾಲ್, ಮೇಯೋ ಕಡೆ ಬ್ಲಾಕ್‌ಗಳಲ್ಲಿ ಮೈಕಾ, ಪೈರೈಟ್ ಅನ್ನುವ ಖನಿಜಗಳು ಸೇರಿಕೊಂಡು ಮನೆಗಳು ಹಾಳಾದಾಗ ಅಲ್ಲಿನ ಸರ್ಕಾರ 2022ರಲ್ಲಿ ಕಾನೂನನ್ನೇ ಮಾಡಿ ದುರಸ್ತಿಗೆ ಅನುದಾನ ಕೊಡುತ್ತಿದೆ. ನಮ್ಮಲ್ಲಿ ಹಾಗಿಲ್ಲ. ಮಳೆಗೆ ಮನೆ ಬಿದ್ದರೆ ತಹಶೀಲ್ದಾರ್ ಕಚೇರಿಗೆ ಹೋಗಬಹುದು, ಆದರೆ ಕಳಪೆ ಸಾಮಾನಿನ ನಷ್ಟವನ್ನು ಕೊಟ್ಟವರಿಂದಲೇ ವಸೂಲಿ ಮಾಡಬೇಕು. ಅದಕ್ಕಿರುವುದು ಜಿಲ್ಲಾ ಗ್ರಾಹಕರ ಆಯೋಗ. ಮೈಸೂರಿಗೆ ಒಂದಿದೆ, ಮಂಡ್ಯಕ್ಕೆ ಒಂದಿದೆ.

ಮೊದಲ ಕೆಲಸ ಅಂದರೆ ಏನೂ ಮಾಡದೇ ಇರುವುದು! ಬಿರುಕು ಕಂಡ ಕೂಡಲೇ ಪುಟ್ಟಿ ಹಚ್ಚಿ ಪೇಂಟ್ ಹೊಡೆಸಬೇಡಿ, ಏಕೆಂದರೆ ಹಾಗೆ ಮಾಡಿದರೆ ಸಾಕ್ಷಿಯನ್ನು ನೀವೇ ಮುಚ್ಚಿ ಹಾಕಿದಂತೆ. ಮೋಲ್ಡ್ ಬೀಳುವ ಹಾಗಿದ್ದರೆ ಸಪೋರ್ಟ್ ಕೊಟ್ಟು ಜನರನ್ನು ಆಚೆ ಕಳಿಸಿ, ಅದು ಬೇರೆ ಮಾತು. ಪ್ರತಿ ಬಿರುಕಿನ ಪಕ್ಕ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ, ತಿಂಗಳು ಬಿಟ್ಟು ಅದೇ ಜಾಗದ್ದು ಮತ್ತೆ ತೆಗೆಯಿರಿ. ಮಿಕ್ಕಿರುವ ಬ್ಲಾಕ್, ಕಂಬಿ ತುಂಡು, ಖಾಲಿ ಸಿಮೆಂಟ್ ಚೀಲ ಯಾವುದನ್ನೂ ಎಸೆಯಬೇಡಿ. ಚೀಲದ ಮೇಲೆ ಐಎಸ್‌ಐ ಗುರುತು, ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರು, ತಯಾರಾದ ವಾರ ಎಲ್ಲ ಇರುತ್ತದೆ. ಆ ನಂಬರನ್ನು, ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ನಿಜವೋ ಸುಳ್ಳೋ ಗೊತ್ತಾಗುತ್ತದೆ, ದೂರನ್ನೂ ಅಲ್ಲೇ ಕೊಡಬಹುದು.

ಬಿಲ್ ವಿಷಯ ನಿಮಗೆ ಗೊತ್ತಿರುವುದೇ. ಜಿಎಸ್‌ಟಿ ಉಳಿಸೋಣ ಅಂತ ಚೀಟಿಯಲ್ಲಿ ಬರೆಸಿಕೊಂಡು ಸಾಮಾನು ತಂದಿರುತ್ತೇವೆ, ಅಲ್ವಾ? ಅದಿದ್ದರೂ ಪೂರ್ತಿ ಕೈ ಚೆಲ್ಲಬೇಕಿಲ್ಲ. ಫೋನ್‌ಪೇ ಲೆಕ್ಕ, ಬ್ಯಾಂಕ್ ಪಾಸ್‌ಬುಕ್, 'ನಾಳೆ ಎರಡು ಲೋಡ್ ಕಳಿಸ್ತೀನಿ ಸಾರ್' ಅನ್ನುವ ವಾಟ್ಸ್‌ಆ್ಯಪ್ ಮೆಸೇಜು, ಎಲ್ಲವನ್ನೂ ಇಟ್ಟುಕೊಳ್ಳಿ.

ಆಮೇಲೆ, ತಪ್ಪು ಸಾಮಾನಿನದೋ ಕೆಲಸದ್ದೋ ಅಂತ ತಿಳಿಯಬೇಕು. ಎಷ್ಟೋ ಕೇಸು ಇಲ್ಲೇ ಮಗುಚಿಕೊಳ್ಳುತ್ತದೆ. ಬ್ಲಾಕ್ ಮಾರಿದವರು ಮೇಸ್ತ್ರಿ ಸರಿಯಾಗಿ ನೀರು ಹಾಕಿಲ್ಲ ಅನ್ನುತ್ತಾರೆ, ಮೇಸ್ತ್ರಿ ಎಂ-ಸ್ಯಾಂಡ್ ತುಂಬಾ ಡಸ್ಟ್ ಅನ್ನುತ್ತಾನೆ. ಇಬ್ಬರೂ ನಿಜ ಹೇಳುತ್ತಿರಬಹುದು! ಮಾಮೂಲಿ ಓಪಿಸಿ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಗೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ತೇವ ಆರದಂತೆ ನೋಡಿಕೊಳ್ಳುವುದು, ಬೇಕು ಅಂತ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಹಾಗಾಗಿ ಇವರಿಬ್ಬರಿಗೂ ಸಂಬಂಧ ಇಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಬರವಣಿಗೆಯಲ್ಲಿ ವರದಿ ತೆಗೆದುಕೊಳ್ಳಿ. ಲ್ಯಾಬ್ ಪರೀಕ್ಷೆ ಎಲ್ಲಿ ಆಗುತ್ತದೆ ಅಂತ ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಮಿಕ್ಕಿರುವ ಸಾಮಾನನ್ನೆಲ್ಲ ಒಂದೇ ಸಲ ಪರೀಕ್ಷೆಗೆ ಕೊಟ್ಟುಬಿಡಬೇಡಿ, ಏಕೆಂದರೆ ಮುಂದೆ ಆಯೋಗವೇ ಸ್ಯಾಂಪಲ್‌ಗೆ ಸೀಲ್ ಹಾಕಿ ಮಾನ್ಯತೆ ಪಡೆದ ಲ್ಯಾಬ್‌ಗೆ ಕಳಿಸಬಹುದು. ಅದರ ಶುಲ್ಕ ನೀವು ಕಟ್ಟಬೇಕಾಗುತ್ತದೆ.

ಈಗ ನೋಟಿಸ್. ಏನು ಕೊಂಡಿರಿ, ಯಾವಾಗ, ಎಷ್ಟು ಕೊಟ್ಟಿರಿ, ಏನು ಹಾಳಾಗಿದೆ, ಎಷ್ಟು ದಿನದಲ್ಲಿ ಸರಿಮಾಡಬೇಕು, ಇಷ್ಟು ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ ದೂರು ಬರೆಸಿ. ಕೆಲವರು ಇಷ್ಟಕ್ಕೇ ದಾರಿಗೆ ಬರುತ್ತಾರೆ.

ಬರದಿದ್ದರೆ ಆಯೋಗ. ಸಾಮಾನಿಗೆ ಕೊಟ್ಟ ದುಡ್ಡು 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವೇ ಇಲ್ಲ, 50 ಲಕ್ಷದವರೆಗೆ ಜಿಲ್ಲೆಯಲ್ಲೇ ಆಗುತ್ತದೆ. ಲೆಕ್ಕ ಹಾಕುವುದು ಕೊಟ್ಟ ದುಡ್ಡಿನ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಫ್ಯಾಕ್ಟರಿ ಬೇರೆ ಊರಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಆಗುತ್ತದೆ. ವಕೀಲರು ಕಡ್ಡಾಯ ಅಲ್ಲ. ಬೇಕಿದ್ದರೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ಸಿಗುತ್ತಾರೆ.

ದೂರಿನಲ್ಲಿ ತಯಾರಕರು, ಅಂಗಡಿಯವರು, ಮನೆ ಕಟ್ಟಲು ಒಪ್ಪಿಕೊಂಡ ಕಾಂಟ್ರಾಕ್ಟರ್ ಮೂವರನ್ನೂ ಸೇರಿಸಿ. ಬ್ಲಾಕ್ ಯಾರು ಮಾಡಿದರು ಅನ್ನುವುದೇ ಗೊತ್ತಿಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಮಾರಿದವರೇ ಹೊಣೆ ಆಗುತ್ತಾರೆ. ಹೆಸರಿಲ್ಲದ ಬ್ಲಾಕ್ ಕೊಂಡವರಿಗೆ ಇದು ತುಂಬಾ ಉಪಯೋಗ.

ದೂರು ಕೊಡಲು ಗಡುವು 2 ವರ್ಷ. 'ಮುಂದಿನ ವಾರ ಹುಡುಗರನ್ನ ಕಳಿಸ್ತೀನಿ' ಅನ್ನುವ ಕಾಂಟ್ರಾಕ್ಟರನ್ನು ನಂಬಿ ಕೂತರೆ ಅದು ಸುಮ್ನೆ ಕಳೆದುಹೋಗುತ್ತದೆ. ಪರೀಕ್ಷೆ ಬೇಕಾದ ದೂರನ್ನು 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ, ಆದರೆ ಜಾಸ್ತಿ ಹಿಡಿಯುತ್ತದೆ ಅಂದುಕೊಂಡೇ ಹೊರಡಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆದ ಫ್ಲಾಟ್ ತೆಗೆದುಕೊಂಡವರ ದಾರಿ ಸ್ವಲ್ಪ ಸಲೀಸು. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆಯಾಗಿ ಸರಿಮಾಡಬೇಕು. ಮಾಡದಿದ್ದರೆ ಕರ್ನಾಟಕ ರೇರಾಗೆ ದೂರು.

ಆಯೋಗದ ಆದೇಶ ನಿಮಗೆ ಒಪ್ಪಿಗೆ ಇಲ್ಲದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಹೋಗಬಹುದು. ಗೆದ್ದರೂ ಆ ಕಡೆಯವರು ದುಡ್ಡು ಕೊಡದೆ ಸತಾಯಿಸಿದರೆ ಆದೇಶ ಜಾರಿ ಮಾಡಿಸಿ ಅಂತ ಅದೇ ಆಯೋಗದಲ್ಲಿ ಅಮಲ್ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ 3 ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರಕ್ಕೆ ಕಡಿಮೆ ಇಲ್ಲದಂತೆ ದಂಡ, ಅಥವಾ ಎರಡೂ ಆಗಬಹುದು.