ತಳಕ್ಕಿಳಿಯುತ್ತಿದ್ದ ಬ್ರೇಕ್ ಪೆಡಲ್: ನನ್ನ ಅನುಭವ

ದಾವಣಗೆರೆಯ ಗ್ಯಾರೇಜೊಂದರಲ್ಲಿ, ಚಕ್ರದ ಡಿಸ್ಕಿಗೆ ಪ್ಯಾಡ್‌ಗಳನ್ನು ಒತ್ತಿಹಿಡಿಯುವ ಮುಂದಿನ ಬ್ರೇಕ್ ಕ್ಯಾಲಿಪರ್‌ಗಳನ್ನು ಬಿಚ್ಚಿ ಜೋಡಿಸಿದ ಮೇಲೆ ನಮ್ಮ ಕಾರಿನ ಪೆಡಲ್ ಮೆತ್ತಗಾಗಿ, ಮತ್ತೆ ಮತ್ತೆ ತುಳಿದರೆ ಮಾತ್ರ ಹಿಡಿಯುತ್ತಿತ್ತು. ‘ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ ಸಾರ್’ ಎಂದರು ಗ್ಯಾರೇಜಿನವರು. ಲಾರಿಗಳು ಸಾಲುಗಟ್ಟುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗಕ್ಕೆ ಹೊರಟವನಿಗೆ ಹೇಳುವ ಮಾತೇ ಇದು? ಕಾರನ್ನು ನಿಲ್ಲಿಸಿ, ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆಸಿದೆ. ಎಡ ಬಲದ ಕ್ಯಾಲಿಪರ್‌ಗಳು ಅದಲುಬದಲಾಗಿ, ಮೇಲಿರಬೇಕಾದ ಬ್ಲೀಡರ್ ನಿಪ್ಪಲ್ (ಒಳಗಿನ ಗಾಳಿಯನ್ನು ಆಯಿಲ್ ಜೊತೆ ಹೊರಬಿಡುವ ತಿರುಪು) ಕೆಳಗಾಗಿರುವುದನ್ನು ಅವರು ಚಕ್ರ ಕಳಚಿದೊಡನೆ ತೋರಿಸಿದರು. ಗಾಳಿ ಮೇಲಕ್ಕೇರುವುದರಿಂದ, ನಿಪ್ಪಲ್ ಕೆಳಗಿದ್ದರೆ ಎಷ್ಟು ಆಯಿಲ್ ಹೊರಬಿಟ್ಟರೂ ಗುಳ್ಳೆಗಳು ಒಳಗೇ ಉಳಿಯುತ್ತವೆ; ಪೆಡಲ್ ತುಳಿದ ಬಲವೆಲ್ಲ ಆ ಗಾಳಿಯನ್ನು ಕುಗ್ಗಿಸುವುದಕ್ಕೇ ವ್ಯಯವಾಗಿ ಪ್ಯಾಡ್‌ಗಳನ್ನು ಸರಿಯಾಗಿ ತಲುಪುವುದಿಲ್ಲ. ಕ್ಯಾಲಿಪರ್‌ಗಳನ್ನು ಸ್ವಸ್ಥಾನಕ್ಕೆ ಹಾಕಿ, ಹೊಸ ತಾಮ್ರದ ವಾಷರ್ ಕೂರಿಸಿ, ಸೀಲ್ ಒಡೆಯದ ಡಬ್ಬಿಯ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತುಂಬಿ ಗಾಳಿ ತೆಗೆದ ಮೇಲೆ ಪೆಡಲ್ ಗಟ್ಟಿಯಾಗಿ ನಿಂತಿತು.